ಲೀಟರಿಗೆ ಇಪ್ಪತ್ತೊಂಬತ್ತು

ಹಿಂದೂಪುರದ ಕೇಶವಯ್ಯ ಮೇಷ್ಟ್ರು ಆ ಶನಿವಾರ ಪಟ್ಟ ಪಾಡಿಗೆಲ್ಲ ಕಾರಣ ಅರ್ಧ ಹಾಳೆ ಕಾಗದ. ಅದರ ಮೇಲೆ ಅವರು ತಮ್ಮ ಕೈಯಾರೆ ಒಂದು ಲೆಕ್ಕ ಹಾಕಿದ್ದರು.

ಕೇಶವಯ್ಯ ಕಲ್ಯಾಣದುರ್ಗದ ಹೈಸ್ಕೂಲೊಂದರಲ್ಲಿ ಲೆಕ್ಕದ ಮೇಷ್ಟ್ರು. ಮನೆ, ಹೆಂಡತಿ ಗಂಗಾದೇವಿ, ಆಕೆಯ ಎರಡು ಮಗ್ಗ ಎಲ್ಲವೂ ಹಿಂದೂಪುರದಲ್ಲಿ. ಹೋಗಲು ತೊಂಬತ್ತಾರು ಕಿಲೋಮೀಟರು, ಬರಲು ತೊಂಬತ್ತಾರು. ಮೂರು ಬಸ್ಸು ಬದಲಾಯಿಸಬೇಕು. ಬೆಳಗ್ಗೆ ಐದಕ್ಕೆ ಮನೆ ಬಿಟ್ಟರೆ ಮತ್ತೆ ಹೊಸಿಲು ಕಾಣುವಾಗ ಎಂಟೂವರೆ. ವರ್ಗವಾದ ಈ ಎರಡು ವರ್ಷದಲ್ಲಿ ಮೂರೂ ಬಸ್ಸಿನಲ್ಲಿ ಸೀಟು ಸಿಕ್ಕಿದ್ದು ಒಂದೇ ದಿನ. ಅವತ್ತು ಶಾಲೆಗೆ ರಜೆ ಎಂಬುದು ಅವರಿಗೆ ಕಲ್ಯಾಣದುರ್ಗದಲ್ಲಿ ಇಳಿದ ಮೇಲೆ ಗೊತ್ತಾಗಿತ್ತು.

ಸಣ್ಣ ಕಾರುಗಳಿಗೂ ಡೀಸೆಲ್ ಇಂಜಿನ್ ಕೂರಿಸಿ ಮಾರಲು ಶುರುಮಾಡಿದ್ದ ಕಾಲ ಅದು, ತೊಂಬತ್ತೊಂಬತ್ತನೇ ಇಸವಿ. ಮೇಷ್ಟ್ರು ಆರು ತಿಂಗಳು ಭಾನುವಾರಗಳಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆದುಕೊಂಡರು. ಆಮೇಲೆ ಲೆಕ್ಕ ಹಾಕಿದರು. ಪೆಟ್ರೋಲ್ ಕಾರು ತಮ್ಮ ಸಂಬಳಕ್ಕೆ ನಿಲುಕದು. ಡೀಸೆಲ್ ಕಾರು ಲೀಟರಿಗೆ ಇಪ್ಪತ್ತು ಕಿಲೋಮೀಟರು ಕೊಟ್ಟರೆ ನಿಲುಕುತ್ತದೆ. ಹತ್ತೊಂಬತ್ತು ಕೊಟ್ಟರೂ ಇಲ್ಲ. ಇಪ್ಪತ್ತು ಎಂಬ ಅಂಕಿಯ ಕೆಳಗೆ ಅವರು ಎರಡು ಗೀಟು ಎಳೆದರು.

ಸೀರೆ ಅಂಗಡಿಯ ಪಾಪಯ್ಯ ಅಂಥದೊಂದು ಕಾರನ್ನು ಮಾರಲಿಕ್ಕಿದ್ದ. ಒಂದೇ ವರ್ಷ ಓಡಿದ್ದು.

"ಇಪ್ಪತ್ತೆರಡು ಕೊಡ್ತದೆ, ತಗಳಿ ಮೇಷ್ಟ್ರೇ," ಎಂದ ಪಾಪಯ್ಯ. "ನಂಬ್ಕೆ ಇಲ್ವಾ? ಟ್ಯಾಂಕ್ ತುಂಬಾ ಡೀಸೆಲ್ ಹಾಕ್ಸಿ, ನಿಮ್ಮ ಸ್ಕೂಲ್‌ಗೆ ಹೋಗ್ ಬನ್ನಿ. ಸಂಜೆ ಬಂದು ಮತ್ತೆ ತುಂಬ್ಸಿ. ಎಷ್ಟು ಕುಡೀತೋ ನಿಮ್ಮ ಕಣ್ಣಾರೆ ನೋಡಿ."

ಹೀಗಾಗಿ ಶನಿವಾರ ನಸುಕಿಗೇ ಕಾರು ಮೇಷ್ಟ್ರ ಮನೆ ಮುಂದೆ ನಿಂತಿತು. ಪಾಪಯ್ಯನ ಅಂಗಡಿಗೆ ಎದುರಿನ ಬಂಕಿನಲ್ಲಿ ಹಿಂದಿನ ಸಂಜೆಯೇ ಟ್ಯಾಂಕನ್ನು ಕಂಠಮಟ್ಟ ತುಂಬಿಸಿ, ಮೀಟರಿನ ಅಂಕಿಯನ್ನು ಬರೆದುಕೊಂಡಿದ್ದಾಗಿತ್ತು.

ಮೊದಲು ಬಂದವರು ಪಕ್ಕದ ಮನೆಯ ಜಯರಾಮಪ್ಪ. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತಿಯಾದವರು. ಡ್ರೈವರನ ಹಿಂದೆ ಅಷ್ಟು ವರ್ಷ ನಿಂತಿದ್ದರಿಂದ ಇಂಜಿನ್ನಿನ ವಿದ್ಯೆಯೆಲ್ಲ ತಮಗೆ ಬಂದಿದೆಯೆಂದು ನಂಬಿದ್ದರು. ಕಾರನ್ನು ಮೂರು ಸುತ್ತು ಸುತ್ತಿ, "ಇದೇನ್ ಕಣಪ್ಪ, ಹಿಂದ್ಗಡೆ ಕತ್ತರಿಸ್ಬುಟ್ಟವ್ರೆ! ಡಿಕ್ಕಿ ಎಲ್ಲಿ?" ಎಂದರು.

"ಇದು ಬರೋದೇ ಹಿಂಗೆ. ಹಿಂದ್ಗಡೇನೂ ಒಂದು ಬಾಗ್ಲು ಅದೆ," ಎಂದರು ಮೇಷ್ಟ್ರು.

"ಆಗ್ಲಿ. ಇಂಜಿನ್ ಸದ್ದು ಕೇಳಿದ್ರೆ ಸಾಕು, ಅದರ ಜಾತಕ ಹೇಳ್ಬುಡ್ತೀನಿ. ನಾನೂ ಬತ್ತೀನಿ ನಡಿ," ಎಂದು ಮುಂದಿನ ಸೀಟಿನಲ್ಲಿ ಕೂತೇಬಿಟ್ಟರು.

ಅಷ್ಟರಲ್ಲಿ ಎದುರುಮನೆಯ ರಂಗಲಕ್ಷ್ಮಮ್ಮ ಓಡಿಬಂದಳು. ಅವಳ ಮಗಳು ರೊದ್ದಂನಲ್ಲಿ ಹೊಸದಾಗಿ ಬೇರೆ ಮನೆ ಹೂಡಿದ್ದಳು.

"ಹೆಂಗೂ ರೊದ್ದಂ ಮ್ಯಾಲೇ ಹೋಯ್ತೀಯಲ್ಲಪ್ಪ ಕೇಶವಯ್ಯ, ನನ್ನೊಂದೀಟು ಬಿಟ್ಬುಡು. ಮಗಳಿಗೆ ಒಂದು ಸಣ್ಣ ಸಾಮಾನು ಅದೆ."

ಸಣ್ಣ ಸಾಮಾನನ್ನು ಇಬ್ಬರು ಗಂಡಸರು ಉಸಿರು ಬಿಗಿಹಿಡಿದು ಹೊತ್ತು ತಂದರು. ರುಬ್ಬುವ ಕಲ್ಲು! ಗುಂಡು ಬೇರೆ ಅವಳ ಮಡಿಲಲ್ಲಿ ಬಂತು. ಹಿಂದಿನ ಬಾಗಿಲಿಗೆ ಅಷ್ಟು ಬೇಗ ಕೆಲಸ ಸಿಕ್ಕೀತೆಂದು ಮೇಷ್ಟ್ರು ಎಣಿಸಿರಲಿಲ್ಲ. ಕಲ್ಲು ಒಳಗೆ ಕೂತ ಕೂಡಲೇ ಕಾರಿನ ಹಿಂಭಾಗ ತುಂಬು ಬಸುರಿಯಂತೆ ಕುಸಿಯಿತು. ಲೀಟರಿಗೆ ಒಂದು ಕಿಲೋಮೀಟರು ಹೋಯಿತು ಎಂದು ಮೇಷ್ಟ್ರು ಲೆಕ್ಕ ಹಾಕಿದರು. ಆದರೆ ಎದುರುಮನೆಯವಳಿಗೆ ಇಲ್ಲ ಎನ್ನುವ ಧೈರ್ಯ ಅವರಿಗೆ ಎಲ್ಲಿಂದ ಬರಬೇಕು?

ಗಂಗಾದೇವಿ ಬುತ್ತಿಯ ಡಬ್ಬಿ ಕೊಟ್ಟು, "ನಿಧಾನಕ್ಕೆ ಹೋಗಿ," ಎಂದಳು.

ನಿಧಾನಕ್ಕೇ ಹೋದರು. ಪೆನುಕೊಂಡದ ಹತ್ತಿರ ಹೈವೇ ಸೇರಿದ ಮೇಲೆ ಮಾತ್ರ ಕಾರು ತಾನೇ ಉಮೇದಿಗೆ ಬಂತು. ಟಾರು ರಸ್ತೆಯ ಮೇಲೆ ಚಕ್ರ ಹಾಡುತ್ತಿತ್ತು, ಕಿಟಕಿಯಿಂದ ತಂಪು ಗಾಳಿ. ದಿನವೂ ಇದೇ ಹೊತ್ತಿಗೆ ಯಾರದೋ ಕಂಕುಳಡಿ ಮೂಗು ಸಿಕ್ಕಿಸಿಕೊಂಡು ನಿಂತಿರುತ್ತಿದ್ದ ಮೇಷ್ಟ್ರಿಗೆ ತಾನು ಕೂತಿದ್ದೇನೆ ಎಂಬುದೇ ಒಂದು ಸುಖ. ರೊದ್ದಂ ತಲುಪಿದಾಗ ಇನ್ನೂ ಏಳು ಗಂಟೆ.

ಕಲ್ಲು ಇಳಿಯಿತು. ಆದರೆ ರಂಗಲಕ್ಷ್ಮಮ್ಮನ ಮಗಳು ಕಾಫಿ ಕುಡಿಸದೆ ಬಿಡಲಿಲ್ಲ. ಮೇಷ್ಟ್ರು ಒಳಗೆ ಕಾಫಿ ಕುಡಿದು ಹೊರಗೆ ಬಂದು ನೋಡಿದರೆ ಕಾರಿನ ಬಾನೆಟ್ ಎದ್ದು ನಿಂತಿದೆ, ಅದರೊಳಗೆ ಜಯರಾಮಪ್ಪ ಅರ್ಧ ಮೈ ಇಳಿಬಿಟ್ಟಿದ್ದಾರೆ.

"ಏನ್ ಮಾಡ್ತಾ ಇದ್ದೀರಣ್ಣ?"

"ಡೀಸೆಲ್‌ಗೆ ಸೀಮೆಎಣ್ಣೆ ಬೆರ್ಸವ್ರಾ ಅಂತ ಮೂಸಿ ನೋಡ್ದೆ ಕಣಪ್ಪ. ಪೈಪ್ ಒಂಚೂರು ಬಿಚ್ಚಿದ್ದೆ ಅಷ್ಟೇ. ಒಳ್ಳೇ ಮಾಲು! ಹತ್ತು, ಹೋಗಾಣ."

ಕೀ ತಿರುಗಿಸಿದರೆ ಇಂಜಿನ್ ನರಳಿತೇ ಹೊರತು ಎದ್ದೇಳಲಿಲ್ಲ. ರೊದ್ದಂನ ಎಂಟು ಜನ ಸೇರಿ ತಳ್ಳಿದರು. ಅದಕ್ಕೂ ಬಗ್ಗಲಿಲ್ಲ. ಕೊನೆಗೆ ಲಾರಿಯ ಕ್ಲೀನರೊಬ್ಬ ಇಣುಕಿ ನೋಡಿ ನಕ್ಕ. "ಪೈಪಲ್ಲಿ ಗಾಳಿ ಹೊಕ್ಕದೆ. ಗಾಳಿ ತೆಗೀದೆ ಈ ಬಂಡಿ ಕದಲಾಕಿಲ್ಲ. ಯಾರಪ್ಪ ಇದನ್ನ ಬಿಚ್ಚಿದ್ದು?"

ಜಯರಾಮಪ್ಪ ಆಕಾಶ ನೋಡಿದರು.

ಅದನ್ನು ತೆಗೆಯಬಲ್ಲ ಮೆಕ್ಯಾನಿಕ್ ಹತ್ತಿರದಲ್ಲಿ ಎಲ್ಲೂ ಇರಲಿಲ್ಲ. ಅದೇ ವೇಳೆಗೆ ಕಲ್ಯಾಣದುರ್ಗಕ್ಕೆ ಹೊರಟಿದ್ದ ಕಡಲೆಕಾಯಿ ಟ್ರ್ಯಾಕ್ಟರ್ ಒಂದು ಬಂತು. ಅದರ ಬಾಲಕ್ಕೆ ಹಗ್ಗ ಕಟ್ಟಿದರು. ಮುಂದೆ ಟ್ರ್ಯಾಕ್ಟರು, ನಡುವೆ ಮೂಟೆ ತುಂಬಿದ ಟ್ರೈಲರು, ಹಿಂದೆ ಸಂತೆಗೆ ಹೊರಟ ಕರುವಿನಂತೆ ತಲೆಯಾಡಿಸುತ್ತ ಕಾರು. ನಲವತ್ತೆಂಟು ಕಿಲೋಮೀಟರು ಹೀಗೇ ಸಾಗಿತು. ದಾರಿಯುದ್ದಕ್ಕೂ ಮೇಷ್ಟ್ರ ತಲೆಯ ಮೇಲೆ ಕಡಲೆಕಾಯಿ ಸಿಪ್ಪೆಯ ಧೂಳು. ಒಂದು ಸಂಗತಿ ಮಾತ್ರ ಅವರ ಕಣ್ಣಿಗೆ ಬಿತ್ತು. ಇಂಜಿನ್ ಸತ್ತು ಮಲಗಿದ್ದರೂ ಮೀಟರಿನ ಅಂಕಿ ಮಾತ್ರ ಶಿಸ್ತಾಗಿ ಮುಂದೆ ಹೋಗುತ್ತಲೇ ಇತ್ತು.

ಊರ ಹೊರಗಿನ ಷೆಡ್ಡಿನ ಹತ್ತಿರ ಹಗ್ಗ ಬಿಚ್ಚುವಾಗ ಜಯರಾಮಪ್ಪ ಮೇಷ್ಟ್ರ ಕೈ ಹಿಡಿದುಕೊಂಡರು.

"ಕೇಶವಯ್ಯ, ಈ ಟ್ರ್ಯಾಕ್ಟರ್ ವಿಷ್ಯ ಯಾರ್ಗೂ ಹೇಳ್ಬ್ಯಾಡ ಕಣಪ್ಪ. ಮೂವತ್ತು ವರ್ಷದ ಸರ್ವೀಸು ನಂದು. ಬೀದೀಲಿ ತಲೆ ಎತ್ತಾಕಾಗಲ್ಲ."

ಮೇಷ್ಟ್ರು ಒಪ್ಪಿಕೊಂಡು ಶಾಲೆಗೆ ಓಡಿದರು. ಗಂಟೆ ಹನ್ನೊಂದು. ಹೆಡ್‌ಮಾಸ್ಟರ್ ಸೀತಾರಾಮಪ್ಪ ಬಾಗಿಲಲ್ಲೇ ನಿಂತಿದ್ದರು. ಅವರದೂ ಹಿಂದೂಪುರವೇ. ಬಸ್ಸಿನ ಸಹವಾಸ ಬೇಡವೆಂದು ವಾರವೆಲ್ಲ ಕಲ್ಯಾಣದುರ್ಗದಲ್ಲೇ ಒಂದು ರೂಮಿನಲ್ಲಿದ್ದು, ಶನಿವಾರ ಸಂಜೆ ಊರಿಗೆ ಹೋಗುತ್ತಿದ್ದರು.

"ಯಾಕ್ರೀ ಕೇಶವಯ್ಯನವ್ರೆ ಇಷ್ಟು ಲೇಟು?"

"ಕಾರು ಟ್ರಯಲ್ ನೋಡ್ತಾ ಬಂದೆ ಸಾರ್. ರೊದ್ದಂನಲ್ಲಿ ಕಾಫಿಗೆ ಹಿಡ್ಕೊಂಬಿಟ್ರು."

ಕಾರು ಎಂಬ ಮಾತು ಕೇಳಿದ್ದೇ ಹೆಡ್‌ಮಾಸ್ಟರ ಮುಖ ಅರಳಿತು. "ಹಂಗಾದ್ರೆ ಸಂಜೆ ನಾನೂ ಬರ್ತೀನಿ. ಒಂದು ಸೀಟು ಇಟ್ಟಿರಿ."

ಸಂಜೆ ಹೊರಡುವ ಹೊತ್ತಿಗೆ ಮೆಕ್ಯಾನಿಕ್ ಗಾಳಿ ತೆಗೆದಿಟ್ಟಿದ್ದ, ಐದೇ ನಿಮಿಷದ ಕೆಲಸವಂತೆ. ಜಯರಾಮಪ್ಪನವರನ್ನು ಹಿಂದೆ ಕೂರಿಸಿ, ಹೆಡ್‌ಮಾಸ್ಟರನ್ನು ಮುಂದೆ ಕೂರಿಸಿಕೊಂಡು ಮೇಷ್ಟ್ರು ಹೊರಟರು. ಕಾರು ಬೆಣ್ಣೆಯಲ್ಲಿ ಎಳೆದ ದಾರದಂತೆ ಬಂತು. ಹೆಡ್‌ಮಾಸ್ಟರು ರೊದ್ದಂವರೆಗೆ ಸೀಟನ್ನು ಹೊಗಳಿದರು, ಪೆನುಕೊಂಡದವರೆಗೆ ನಿದ್ದೆ ಮಾಡಿದರು. ಬಿಸಿಲು ಇಳಿದು ಬೆಟ್ಟದ ನೆರಳು ಹೈವೇ ಮೇಲೆ ಉದ್ದಕ್ಕೆ ಬಿದ್ದಿತ್ತು. ಇನ್ನು ದಿನಾ ಹೊತ್ತು ಮುಳುಗುವಷ್ಟರಲ್ಲಿ ಮನೆಯಲ್ಲಿರಬಹುದು ಎಂದುಕೊಂಡರು ಮೇಷ್ಟ್ರು. ಯಾರಿಗೂ ಕೇಳಿಸದ ಹಾಗೆ ಒಂದು ಸಲ ಶಿಳ್ಳೆಯನ್ನೂ ಹಾಕಿದರು.

ಬಂಕಿನಲ್ಲಿ ಪಾಪಯ್ಯ ಕಾಯುತ್ತಿದ್ದ. ಟ್ಯಾಂಕು ಮತ್ತೆ ಕಂಠಮಟ್ಟ ತುಂಬಿತು. ಹಿಡಿದದ್ದು ಆರು ಲೀಟರು ಆರುನೂರು ಮಿಲಿ. ಓಡಿದ್ದು ನೂರ ತೊಂಬತ್ತೆರಡು. ಮೇಷ್ಟ್ರು ಮನಸ್ಸಿನಲ್ಲೇ ಟ್ರ್ಯಾಕ್ಟರಿನ ನಲವತ್ತೆಂಟು ಕಳೆದರು. ಉಳಿದದ್ದು ನೂರ ನಲವತ್ತನಾಲ್ಕು. ಭಾಗಿಸಿದರು. ಇಪ್ಪತ್ತೊಂದು ಪಾಯಿಂಟ್ ಎಂಟು! ಇಪ್ಪತ್ತು ದಾಟಿತ್ತು. ಅದೂ ರುಬ್ಬುವ ಕಲ್ಲು ಹೊತ್ತು! ಅವರ ಕಣ್ಣು ಒದ್ದೆಯಾಯಿತು. ಪಾಪಯ್ಯನ ಕೈ ಕುಲುಕಲು ಮುಂದಾದರು.

ಅಷ್ಟರಲ್ಲಿ ಹಿಂದಿನಿಂದ ಕೂಗು ಕೇಳಿತು. ಜಯರಾಮಪ್ಪ ಕಂಡಕ್ಟರಿಕೆಯ ಕಾಲದ ಚುರುಕಿನಲ್ಲಿ ತಾವೂ ಭಾಗಿಸಿದ್ದರು. ಕಳೆಯುವುದನ್ನು ಮಾತ್ರ ಬಿಟ್ಟಿದ್ದರು.

"ಇಪ್ಪತ್ತೊಂಬತ್ತು! ಲೀಟರಿಗೆ ಇಪ್ಪತ್ತೊಂಬತ್ತು ಕಣ್ರೋ!"

ಬಂಕಿನವರೆಲ್ಲ ಕಾರಿನ ಸುತ್ತ ಮುತ್ತಿಕೊಂಡರು. ಪಾಪಯ್ಯ ಗಲ್ಲದ ಮೇಲೆ ಕೈಯಿಟ್ಟು, "ಅಬ್ಬೋ!" ಎಂದ. ಹೆಡ್‌ಮಾಸ್ಟರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ಪಾಪಯ್ಯನ ಹೆಗಲ ಮೇಲೆ ಕೈಯಿಟ್ಟು, ಆತ ಹೇಳುವ ಬೆಲೆಗೆ ಈಗಿಂದೀಗಲೇ ತೆಗೆದುಕೊಳ್ಳುವುದಾಗಿ ಹೇಳಿದರು.

ಮೇಷ್ಟ್ರು ಇಬ್ಬರ ನಡುವೆ ನುಗ್ಗಿದರು. "ಸಾರ್, ಸಾರ್, ಒಂದ್ನಿಮಿಷ! ಅದು ಇಪ್ಪತ್ತೊಂಬತ್ತಲ್ಲ. ನಲವತ್ತೆಂಟು ಕಿಲೋಮೀಟ್ರು ನಮ್ಮನ್ನ ಟ್ರ್ಯಾಕ್ಟರ್ ಎಳ್ಕೊಂಡು ಬಂದಿದ್ದು!"

"ಟ್ರ್ಯಾಕ್ಟರಾ?" ಹೆಡ್‌ಮಾಸ್ಟರು ಹುಬ್ಬೇರಿಸಿದರು. "ಬೆಳಗ್ಗೆ ಕಾಫಿ ಅಂದ್ರಿ?"

"ಕಾಫೀನೂ ಕುಡಿದ್ವಿ ಸಾರ್. ಜಯರಾಮಣ್ಣ, ನೀವೇ ಹೇಳಿ!"

ಜಯರಾಮಪ್ಪ ಸುತ್ತ ನಿಂತಿದ್ದ ಅರ್ಧ ಬೀದಿಯನ್ನು ನೋಡಿದರು. ಆಮೇಲೆ ನಿಧಾನವಾಗಿ, "ಯಾವ ಟ್ರ್ಯಾಕ್ಟರ್ ಕಣಪ್ಪ?" ಎಂದರು.

ಎಲ್ಲರೂ ಹೋ ಎಂದು ನಕ್ಕರು. "ಬೆಲೆ ಇಳ್ಸಾಕೆ ಒಳ್ಳೇ ಕತೆ ಕಟ್ಟಿದ್ರಿ ಮೇಷ್ಟ್ರೂ," ಎಂದು ಪಾಪಯ್ಯ ಬೆನ್ನು ತಟ್ಟಿದ. ತಮ್ಮ ಜೀವಮಾನದಲ್ಲಿ ಕೇಶವಯ್ಯ ಅಷ್ಟು ನಿಖರವಾದ ಲೆಕ್ಕವನ್ನು ಎಂದೂ ಹೇಳಿರಲಿಲ್ಲ, ಅಷ್ಟು ದೊಡ್ಡ ಸುಳ್ಳುಗಾರ ಎಂದೂ ಆಗಿರಲಿಲ್ಲ. ಹೆಡ್‌ಮಾಸ್ಟರು ಪಾಪಯ್ಯನ ಅಂಗಡಿಗೆ ಹೋಗಿ, ಕಾಲು ಗಂಟೆಯಲ್ಲಿ ಮುಂಗಡ ಕೊಟ್ಟು, ಕೀ ಹಿಡಿದುಕೊಂಡೇ ಬಂದರು. ಬಂದವರು ಮೇಷ್ಟ್ರನ್ನು ಪಕ್ಕಕ್ಕೆ ಕರೆದರು.

"ಬೇಜಾರು ಮಾಡ್ಕೋಬೇಡಿ ಕೇಶವಯ್ಯನವ್ರೆ. ನಂಗೆ ಡ್ರೈವಿಂಗ್ ಬರಲ್ಲ."

ಮೇಷ್ಟ್ರಿಗೆ ಜೀವ ಬಂದಂತಾಯಿತು. "ಹಂಗಾದ್ರೆ ಯಾಕೆ ಸಾರ್ ತಗೊಂಡ್ರಿ?"

"ನೀವಿದ್ದೀರಲ್ಲ! ಇನ್ಮೇಲೆ ನಾನೂ ದಿನಾ ಓಡಾಡ್ತೀನಿ. ಡೀಸೆಲ್ ನಂದು, ಓಡ್ಸೋದು ನೀವು. ಕಾರು ನಿಮ್ಮ ಮನೆ ಮುಂದೇನೇ ಇರ್ಲಿ, ನಮ್ಮ ಓಣೀಲಿ ತಿರುಗ್ಸಾಕೆ ಜಾಗ ಇಲ್ಲ."

ಮೇಷ್ಟ್ರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೂ ಒಳಗೆ ಒಂದು ಆಸೆ ಚಿಗುರಿತು. ಕಾರು ಯಾರದಾದರೇನು? ಸಂಜೆ ಬೇಗ ಮನೆ ಸೇರಬಹುದಲ್ಲ.

"ಇನ್ನೊಂದು ವಿಷ್ಯ," ಎಂದರು ಹೆಡ್‌ಮಾಸ್ಟರು. "ಇಷ್ಟು ದಿನ ಬಸ್ಸು ಬಸ್ಸು ಅಂತಿದ್ರಿ, ಪಾಪ ಅಂತ ಸುಮ್ಮನಿದ್ದೆ. ಈಗ ಬಸ್ಸಿನ ಮಾತಿಲ್ಲ. ಟೆಂತ್‌ನವ್ರಿಗೆ ಬೆಳಗ್ಗೆ ಏಳೂವರೆಗೊಂದು ಸ್ಪೆಷಲ್ ಕ್ಲಾಸು, ಸಂಜೆ ಆರರವರೆಗೊಂದು ಸ್ಪೆಷಲ್ ಕ್ಲಾಸು ತಗೊಂಬಿಡಿ. ಸೋಮವಾರ ಐದಕ್ಕೆ ಹೊರಡೋಣ."

ಬೆಳಗ್ಗೆ ಐದು, ರಾತ್ರಿ ಎಂಟೂವರೆ. ಈ ಲೆಕ್ಕವನ್ನು ಬಿಡಿಸಲು ಮೇಷ್ಟ್ರಿಗೆ ಕಾಗದವೂ ಬೇಕಾಗಲಿಲ್ಲ.

ಹೆಡ್‌ಮಾಸ್ಟರನ್ನು ಅವರ ಓಣಿಯ ಬಾಯಲ್ಲಿ ಇಳಿಸಿ, ಜಯರಾಮಪ್ಪನವರೊಂದಿಗೆ ಮೇಷ್ಟ್ರು ಮನೆ ಮುಂದೆ ಕಾರು ನಿಲ್ಲಿಸಿದರು. ಜಯರಾಮಪ್ಪ ಬಾಗಿಲು ತೆಗೆದು ಸದ್ದಿಲ್ಲದೆ ಮನೆ ಸೇರಿಕೊಂಡರು. ಗಂಗಾದೇವಿ ಮಗ್ಗ ಬಿಟ್ಟು ಎದ್ದು ಬಂದಳು. ಮೇಷ್ಟ್ರು ಒಂದೂ ಬಿಡದೆ ಎಲ್ಲ ಹೇಳಿದರು, ಟ್ರ್ಯಾಕ್ಟರ್ ಸಮೇತ. ಅವಳೊಬ್ಬಳು ನಂಬಿದಳು. ನಂಬಿ, ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಹೋಗ್ಲಿ ಬುಡಿ. ಎರಡು ವರ್ಷ ನಿಂತ್ಕಂಡು ಹೋದ್ರಿ, ಇನ್ಮೇಲೆ ಕೂತ್ಕಂಡು ಹೋಯ್ತೀರಿ. ಅದೇನು ಕಮ್ಮೀನಾ?" ಎಂದು ಮುಂದಿನ ಬಾಗಿಲು ತೆಗೆದು ಒಳಗೆ ಕೂತಳು. "ನಾಳೆ ಭಾನ್ವಾರ ಅಲ್ವಾ? ಲೇಪಾಕ್ಷಿಗೆ ಹೋಗ್ ಬರಾಣ."

"ಇಳಿಯೋವಾಗ ಮೀಟರ್ ಬರ್ಕೊಂಡು ಹೋದ್ರು ಕಣೆ ಹೆಡ್‌ಮಾಸ್ಟ್ರು. ದಿನಾ ಇಪ್ಪತ್ತೊಂಬತ್ತು ಬರ್ಬೇಕಂತೆ. ಕಮ್ಮಿ ಬಂದ್ರೆ ನನ್ನ ಡ್ರೈವಿಂಗೇ ಸರಿ ಇಲ್ಲ ಅಂತ ಅರ್ಥವಂತೆ."

"ಇಂಜಿನ್ ಹಾಕದೆ ತಳ್ಕಂಡು ಹೋದ್ರೆ?"

"ತಳ್ಳಿದ್ರೂ ಮೀಟರ್ ಓಡ್ತದೆ. ಇವತ್ತೇ ಕಲ್ತಿದ್ದು."

ಗಂಗಾದೇವಿ ಸೀಟನ್ನು ಒಮ್ಮೆ ಸವರಿದಳು. ಗಾಜು ಇಳಿಸಿ ಮೊಣಕೈ ಹೊರಗಿಟ್ಟುಕೊಂಡಳು.

"ಹಾರ್ನ್‌ಗೆ ಮೀಟರ್ ಇಲ್ವಲ್ಲ?"

"ಇಲ್ಲ."

"ಹಂಗಾದ್ರೆ ಹೊಡೀರಿ ಒಂದ್ಸಲ."

ಮೇಷ್ಟ್ರು ಹೊಡೆದರು. ಬೀದಿಯ ಬಾಗಿಲುಗಳೆಲ್ಲ ಒಂದೊಂದಾಗಿ ತೆರೆದವು. ಗಂಗಾದೇವಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತು, "ಇನ್ನೊಂದ್ಸಲ," ಎಂದಳು.