ಪೆಟ್ಟಿಗೆಯ ಗುಂಯ್ ಮತ್ತು ಹಿತ್ತಾಳೆ ನಟ್ಟು

ಸರಿಯಾದ ಕೆಲಸವನ್ನು ಸರಿಯಾಗಿ ಮಾಡಲು ಹೊರಟವನಿಗೆ ನಮ್ಮ ಗದಗ-ಬೆಟಗೇರಿಯಲ್ಲಿ ದಿನಕ್ಕೊಬ್ಬ ಎದುರಾಳಿ ಹುಟ್ಟುತ್ತಾನೆ. ನನಗಂತೂ ಮನೆಯೊಳಗಿಂದಲೇ ಹುಟ್ಟಿದರು.

ತಂದೆಯವರ ಕಾಲದ ವಾಲ್ವ್ ಆಂಪ್ಲಿಫೈಯರ್ ಪೆಟ್ಟಿಗೆಯೊಂದು ನನ್ನಲ್ಲಿದೆ. ದಿನಾ ಸಂಜೆ ಐದಕ್ಕೆ ಅದನ್ನು ಹಚ್ಚಿ, ಚೆನ್ನಾಗಿ ಕಾಯಲಿ ಎಂದು ಬಿಟ್ಟು, ವಾಕಿಂಗ್ ಮುಗಿಸಿ ಆರಕ್ಕೆ ಬಂದು ರೆಕಾರ್ಡ್ ಕೇಳುತ್ತೇನೆ. ಹೋದ ವರ್ಷ ಹೊಸ ರೆಕಾರ್ಡ್ ಪ್ಲೇಯರ್ ಜೋಡಿಸಿದಾಗಿನಿಂದ ಹಾಡಿನ ಹಿಂದೆ, ಹಾಡಿಲ್ಲದಾಗಲೂ, ಒಂದೇ ಸಮನೆ ಗುಂಯ್. ನಾನು ಇಂಗ್ಲಿಷ್ ಮೀಡಿಯಂನವನು, ಕೈಪಿಡಿಯನ್ನು ಕೊನೆಯ ಪುಟದವರೆಗೂ ಓದುತ್ತೇನೆ. ಕಾರಣ ಸ್ಪಷ್ಟವಿತ್ತು. ಪ್ಲೇಯರಿನಿಂದ ಬರುವ ತೆಳು ಹಸಿರು ವೈರನ್ನು ಆಂಪ್ಲಿಫೈಯರಿನ ಲೋಹದ ಮೈಗೆ ಬಿಗಿಯಬೇಕು. ಹಳೆಯ ಪೆಟ್ಟಿಗೆಗೆ ಬಿಗಿಯುವ ಜಾಗವೇ ಇಲ್ಲ. ತಂದೆಯವರ ರೆಕಾರ್ಡುಗಳನ್ನು ಮತ್ತೆ ಗುಂಯ್ ಇಲ್ಲದೆ ಕೇಳಬೇಕು, ಅದೂ ದೋಷವನ್ನು ಮುಚ್ಚಿ ಅಲ್ಲ, ತೆಗೆದು ಎಂದು ಹಟ ಹಿಡಿದೆ.

ಎರಡು ಕೈ

ಒಂದು ಕೈ ಪ್ಲೇಯರಿನ ಮೇಲೆ, ಇನ್ನೊಂದು ಪೆಟ್ಟಿಗೆಯ ಮೇಲೆ ಇಟ್ಟರೆ ಗುಂಯ್ ಇಳಿಯುತ್ತಿತ್ತು. ಹೆಂಡತಿಯನ್ನು ಕರೆದು ತೋರಿಸಿದೆ.

"ಛಲೋ ಆತಲ್ಲ. ಹಂಗ ಹಿಡಕೊಂಡ ಕುಂಡ್ರಿ."

"ನಾ ಏನು ವೈರೇನು?"

"ರಿಟೈರ್ ಆದ ಮ್ಯಾಲ ಏನಾರ ಒಂದು ಆಗಬೇಕಲ್ರಿ."

ರಿಪೇರಿ ಅಂಗಡಿ

ಬೆಟಗೇರಿಯ ರೇಡಿಯೋ ರಿಪೇರಿಯವನ ಮುಂದೆ ಪೆಟ್ಟಿಗೆ ಇಳಿಸಿ, ಹಿಂಬದಿಗೆ ವೈರು ಬಿಗಿಯಲು ಒಂದು ಟರ್ಮಿನಲ್ ಕೂಡಿಸಲು ಹೇಳಿದೆ.

"ಅದ್ಯಾಕ ಬೇಕ್ರಿ ಸರ? ಹಾಡು ಜೋರ ಇಡ್ರಿ, ಗುಂಯ್ ಕೇಳೂದಿಲ್ಲ."

"ಹಲ್ಲು ನೋಯ್ತಿದ್ರ ತಲಿ ಬಡಕೋತೀರೇನು?"

ಅವನಿಗೆ ಸಿಟ್ಟೇ ಬರಲಿಲ್ಲ. "ಸರ, ಹಳೇ ಸೆಟ್ಟು ಗುಂಯ್ ಅಂತಂದ್ರ ಇನ್ನೂ ಜೀವ ಐತಿ ಅಂತ. ಪೂರಾ ಸುಮ್ಮನಾತು ಅಂದ್ರ ತರ್ರಿ, ನೋಡೂಣು."

ತುಳಸಿಕಟ್ಟೆ

ಹೆಂಡತಿಯ ತಮ್ಮನಿಗೆ ಕೊರ್ಲಹಳ್ಳಿಯಲ್ಲಿ ಹೊಲ, ಪಂಪ್‌ಸೆಟ್ಟು. ಬಂದವನು, "ಮಾಮಾ, ಅರ್ಥಿಂಗ್ ಕೆಲಸ ನನಗ ಬಿಡ್ರಿ" ಎಂದ. ಈ ವೈರು ಪೆಟ್ಟಿಗೆಗೆ ಹೋಗಬೇಕು, ಮಣ್ಣಿಗಲ್ಲ ಎಂದು ಎರಡು ಸಲ ವಿವರಿಸಿ ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಹಸಿರು ವೈರಿಗೆ ಹತ್ತು ಮಾರು ಜೋಡಣೆಯಾಗಿ, ಕಿಟಕಿ ದಾಟಿ, ತುಳಸಿಕಟ್ಟೆಯಲ್ಲಿ ನೆಟ್ಟ ಕಬ್ಬಿಣದ ಸಲಾಕೆಗೆ ಮುಟ್ಟಿತ್ತು. ಬುಡಕ್ಕೆ ಇದ್ದಿಲು, ಉಪ್ಪು, ಒಂದು ಕೊಡ ನೀರು. ಒಳಗೆ ಗುಂಯ್ ಮೊದಲಿನಷ್ಟೇ ಗಟ್ಟಿಯಾಗಿತ್ತು.

"ತುಳಸಿಗೆ ಉಪ್ಪ ಹಾಕಿದವ್ರು ಯಾರು?" ಎಂದಳು ಹೆಂಡತಿ.

"ಅಕ್ಕಾ, ನಮ್ಮ ಪಂಪಿಗೆ ಹಿಂಗ ಮಾಡ್ತೀವಿ. ಇಲ್ಲೆ ಮಣ್ಣು ಸದಾ ಹಸಿ ಇರತೈತಿ, ಅದಕ್ಕ."

"ಹೂಂ, ಇನ್ನೊಂದೀಟು ಜೀರಿಗಿ ಒಗ್ಗರಣಿ ಕೊಡು. ಸಾರು ಆಗತೈತಿ."

ನಟ್ಟು

ಇನ್ನು ಯಾರನ್ನೂ ಕೇಳಲಿಲ್ಲ. ಲಕ್ಷ್ಮೇಶ್ವರದ ಗುಜರಿಯಲ್ಲಿ ಹಳೆಯ ಮೀಟರೊಂದರ ಹಿತ್ತಾಳೆ ಬೋಲ್ಟು ಸಿಕ್ಕಿತು, ಅಂಚಿಗೆ ಗೆರೆ ಕೊರೆದ ನಟ್ಟಿನ ಸಮೇತ. ಪಾನಾ, ಸ್ಕ್ರೂಡ್ರೈವರ್ ಯಾವುದೂ ಬೇಡ, ಬೆರಳಿನಿಂದಲೇ ತಿರುಗಬೇಕು ಎಂಬುದು ನನ್ನ ಕಟ್ಟುನಿಟ್ಟಿನ ಷರತ್ತಾಗಿತ್ತು. ಪ್ಲಗ್ ಕಿತ್ತು, ಹಿಂಬದಿಯ ಖಾಲಿ ತೂತಿನ ಸುತ್ತ ಬಣ್ಣ ಕೆರೆದು, ಬೋಲ್ಟು ಕೂಡಿಸಿ, ಹಸಿರು ವೈರು ಸುತ್ತಿ ಬಿಗಿದೆ. ರೆಕಾರ್ಡ್ ಹಾಕಿದೆ. ಗುಂಯ್ ಇಲ್ಲ. ಹಾಡುವ ಮೊದಲು ಗಾಯಕ ಎಳೆದುಕೊಂಡ ಉಸಿರೂ ಕೇಳಿಸಿತು. ಹಳೆಯ ಪ್ಲೇಯರಿನಲ್ಲಿ ತಂದೆಯವರಿಗೂ ಅದು ಕೇಳಿಸಿರಲಿಕ್ಕಿಲ್ಲ.

ಮರುದಿನ ಪಕ್ಕದ ಮನೆಯ ಸಂಗೀತ ಮಾಸ್ತರರು ಬಾಗಿಲಿಗೆ ಬಂದರು. ಅವರಿಗೂ ನಮಗೂ ನಡುವೆ ಒಂದೇ ಗೋಡೆ.

"ಸರ, ಪೆಟ್ಟಿಗಿ ಕೆಟ್ಟೈತೇನ್ರಿ? ನಿನ್ನೆಯಿಂದ ದನಿ ಇಲ್ಲ."

"ಕೆಟ್ಟಿದ್ದು ನೆಟ್ಟಗಾಗೈತಿ."

ಅವರ ಮುಖ ಇಳಿಯಿತು. "ನನ್ನ ತಂಬೂರಿ ತಂತಿ ಹರದು ವರ್ಷ ಆತ್ರಿ. ಐದಕ್ಕ ನೀವು ಪೆಟ್ಟಿಗಿ ಹಚ್ಚಿ ಹೋಗ್ತಿದ್ರಿ, ಆ ಗುಂಯ್ ಮ್ಯಾಲ ನಮ್ಮ ಕ್ಲಾಸಿನವರಿಗೆ 'ಸಾ' ಹಿಡಸ್ತಿದ್ದೆ."

"ಮಾಸ್ತರ, ಅದು ದೋಷ."

"ದೋಷ ಖರೆ. ಆದ್ರ ಒಂದಿನಾ ಶ್ರುತಿ ಬಿಟ್ಟಿಲ್ರಿ. ಥೇಟ್ ನಿಮ್ಮಂಗ, ಹಿಡದದ್ದ ಸ್ವರ. ಐದರಿಂದ ಆರರ ತನಕ ಅಷ್ಟ ನಟ್ಟು ಸಡ್ಲ ಬಿಡ್ರಿ."

"ತಂತಿ ಹಾಕಿಸ್ರಿ. ನಾನಿರೂ ತನಕ ಈ ನಟ್ಟು ಸಡ್ಲ ಆಗೂದಿಲ್ಲ."

ಅವರು ಮತ್ತೆ ಬರಲಿಲ್ಲ. ಹದಿನೈದು ದಿನ ಕಳೆದರೂ ಅವರ ಕ್ಲಾಸು ನಡೆದೇ ಇತ್ತು. ಮೆಂತ್ಯ ಸೋಸುತ್ತಿದ್ದ ಹೆಂಡತಿಗೆ ಹೇಳಿದೆ: "ನೋಡಿದ್ಯಾ? ನಾವು ಗಟ್ಟಿ ನಿಂತ್ರ ಮಂದಿ ತಾನ ದಾರಿಗೆ ಬರತೈತಿ. ಮಾಸ್ತರು ತಂತಿ ಹಾಕಿಸ್ಯಾರ."

"ತಂತಿ ಎಲ್ಲೀದು?" ಎಂದಳು, ತಲೆ ಎತ್ತದೆ. "ನೀವು ವಾಕಿಂಗ್ ಹೊಂಟ ಕೂಡಲೆ ನಟ್ಟು ಸಡ್ಲ ಮಾಡ್ತೀನಿ, ನೀವು ಬರೂದರಾಗ ಬಿಗಿ ಮಾಡ್ತೀನಿ. ಭಾಳ ಛಲೋ ನಟ್ಟು ಆರಿಸಿ ತಂದೀರಿ. ಬೆರಳಿಲೇ ತಿರಗತೈತಿ."