ಸೊಸೆಯ ಬಿಳಿ ಪುಡಿಗಳು

ನಿಮ್ಮ ಸೊಸೆ ಮನೆ ತುಂಬಿದಾಗ ಏನೇನು ತಂದಿದ್ದಳು ಹೇಳಿ ನೋಡೋಣ? ಬಂಗಾರ? ತಿಜೋರಿ? ಫ್ರಿಜ್ಜು? ನನ್ನ ಸೊಸೆ ತಂದದ್ದು ಒಂದು ಲೇಸರು! ಅದನ್ನು ಅವಳು ಮೊಟ್ಟಮೊದಲು ಹಿಡಿದದ್ದು ಯಾವುದಕ್ಕೆ? ನನ್ನ ಉಪ್ಪಿನ ಡಬ್ಬಿಗೆ!

ಅವಳ ಹೆಸರು ಮಾತ್ರ ಬರೆಯುವುದಿಲ್ಲ. ಮೊಬೈಲಿನಲ್ಲಿ ಕನ್ನಡ ಒತ್ತುವುದನ್ನು ಮಗ ಈಗಷ್ಟೇ ಕಲಿಸಿದ್ದಾನೆ. ನನ್ನ ಬೆರಳಿನ ಮೇಲೆ ನನಗೇ ನಂಬಿಕೆಯಿಲ್ಲ, ಒತ್ತಬಾರದ್ದನ್ನು ಒತ್ತಿ ಇದು ನೇರ ಅವಳಿಗೇ ಹೋಗಿಬಿಟ್ಟರೆ?

ಅವಳು ಬೆಳಗಾವಿಯ ಒಂದು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ರಜೆಗೆ ಮೂಡಲಗಿಯ ನಮ್ಮ ಮನೆಗೆ ಬಂದರೆ ಸೀರೆಗಿಂತ ಮೊದಲು ಆ ಲೇಸರಿನ ಯಂತ್ರವನ್ನು ಇಳಿಸುತ್ತಾಳೆ. ಲೇಸರು ಕಣ್ಣಿಗೆ ಬೀಳಬಾರದಂತೆ. ಅದಕ್ಕೇ ತಾನೂ ಕಡುಬಣ್ಣದ ಕನ್ನಡಕ ಹಾಕಿಕೊಂಡು ನನಗೂ ಒಂದು ಏರಿಸಿದಳು. ಹಾಲು ಹಾಕುವ ಹೆಂಗಸು ಬಾಗಿಲಲ್ಲಿ ನಿಂತು ಅತ್ತೆ-ಸೊಸೆಯರನ್ನು ನೋಡಿದಳು.

"ಇಬ್ಬರಿಗೂ ಕಣ್ಣು ಬಂದಾವೇನ್ರಿ?" ಎಂದವಳೇ ಹಾಲನ್ನು ಕಟ್ಟೆಯ ಮೇಲೇ ಇಟ್ಟು ಓಡಿದಳು. ಮರುದಿನ ಓಣಿಯ ಯಾರೂ ನಮ್ಮ ಮನೆಗೆ ಕಾಲಿಡಲಿಲ್ಲ. ಅಷ್ಟು ಆರಾಮದ ದಿನ ನಾನು ಕಂಡೇ ಇಲ್ಲ!

"ಏನ್ ಹುಡುಕ್ತಿಯವ್ವಾ ಅದರಾಗ?" ಎಂದು ಕೇಳಿದೆ.

"ಸ್ಪೋರ್ ರಿ ಅತ್ತಿ. ಕೆಲವು ಬ್ಯಾಕ್ಟೀರಿಯಾ ಕಷ್ಟ ಬಂತಂದ್ರ ದಪ್ಪ ಕಂಬಳಿ ಹೊಚ್ಕೊಂಡು ಮಕ್ಕೊಂಡಂಗ ಆಗ್ತಾವ. ಬಿಸಲಿಗೆ ಜಗ್ಗೂದಿಲ್ಲ, ಕುದಿಸಿದ್ರೂ ಸಾಯೂದಿಲ್ಲ. ಅನುಕೂಲ ಆತಂದ್ರ ಎದ್ದು ಕುಂಡರತಾವ."

"ಹಂಗಾರ ನಿಮ್ಮ ಮಾವನೂ ಸ್ಪೋರ್ ಅದಾರ ಬಿಡು. ಊಟದ ತಾಟು ಸಪ್ಪಳಾದ್ರನ ಏಳ್ತಾರ!"

ಅವಳು ನಗಲಿಲ್ಲ. ಕೆಲಸ ಮಾಡುವಾಗ ಅವಳಿಗೆ ನಗು ಬರುವುದಿಲ್ಲ. ಲೇಸರಿನ ಬೆಳಕು ಯಾವ ವಸ್ತುವಿಗೆ ತಾಗಿದರೂ ಮರಳಿ ಬರುವಾಗ ಒಂದಿಷ್ಟು ಬಣ್ಣ ಬದಲಿಸಿಕೊಂಡು ಬರುತ್ತದಂತೆ. ಯಾವ ವಸ್ತುವಿಗೆ ಯಾವ ಬದಲಾವಣೆ ಎಂಬುದು ಗಟ್ಟಿ. ಯಂತ್ರ ಅದನ್ನೇ ಪರದೆಯ ಮೇಲೆ ಗುಡ್ಡದ ಸಾಲಿನ ಹಾಗೆ ಗೆರೆಯಾಗಿ ಬರೆಯುತ್ತದೆ. ಸ್ಪೋರಿನ ಗುಡ್ಡವೇ ಬೇರೆ, ಹಿಟ್ಟಿನ ಗುಡ್ಡವೇ ಬೇರೆ. ಅದನ್ನು ಪಕ್ಕಾ ಮಾಡಿಕೊಳ್ಳಲು ಅವಳಿಗೆ ಲೋಕದಲ್ಲಿರುವ ಬಿಳಿ ಪುಡಿಯೆಲ್ಲ ಬೇಕು!

ಬಾಜೂ ಮನೆಯ ಹಸೀನಾಳಿಂದ ಮುಖದ ಪೌಡರು ಬಂತು. ನನ್ನ ರಂಗೋಲಿ ಹೋಯಿತು, ಎಲೆಯಡಿಕೆಯ ಸುಣ್ಣ ಹೋಯಿತು. ಉಳಿದದ್ದಕ್ಕೆ ಗೋಕಾಕದ ಕಿರಾಣಿ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದಳು. ಮೈದಾ, ಸೋಡಾ, ಹಾಲಿನ ಪುಡಿ, ಎಲ್ಲ ಒಂದೊಂದು ಚಿಟಿಕೆ.

"ಇವನ್ನೆಲ್ಲಾ ಕೂಡಿಸಿ ಏನ್ ಅಡಗಿ ಮಾಡ್ತೀರಿ ಬಾಯಾರ?" ಎಂದ ಅಂಗಡಿಯವನು.

"ಅಡಗಿ ಅಲ್ರಿ. ಯಾವುದರಾಗ ಏನ್ ಕೂಡೇತಿ ಅಂತ ಲೇಸರ್ ಹಚ್ಚಿ ನೋಡಾಕ."

ಅವನು ಸುತ್ತ ನೋಡಿ ಕೈಮುಗಿದ. "ಸಾವಕಾಶ ಮಾತಾಡ್ರೀ, ಗಿರಾಕಿ ನಿಂತಾವ!"

ಇದೆಲ್ಲ ಯಾಕೆ ಬೇಕಿತ್ತು? ಅವಳ ತವರು ಹುಕ್ಕೇರಿ ತಾಲೂಕಿನ ಘೋಡಗೇರಿ, ಕುರಿ ಸಾಕುವ ಮನೆತನ. ಅವಳು ಸಣ್ಣವಳಿದ್ದಾಗ ಮಳೆಗಾಲದ ಆರಂಭದಲ್ಲಿ ಅವರ ಕುರಿಗಳು ರೋಗ ಬಡಿದು ಮೇಯುತ್ತ ಮೇಯುತ್ತಲೇ ಉರುಳಿದವಂತೆ. ಅವನ್ನು ಹೂತ ಹೊಲಕ್ಕೆ ಅವಳಪ್ಪ ಮತ್ತೆ ಹಿಂಡು ಬಿಡಲಿಲ್ಲ. ಆ ರೋಗದ ಸ್ಪೋರು ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿರುತ್ತದಂತೆ. ಸೊಂಟದ ತನಕ ಹುಲ್ಲು ಬೆಳೆದ ಹೊಲ ಪಾಳು, ಕುರಿಗಳು ಮಾತ್ರ ಪರರ ಬದುವಿನಲ್ಲಿ! ಆ ಮಣ್ಣನ್ನು ಈ ಯಂತ್ರದಿಂದ ನೋಡಬೇಕೆಂಬುದು ಇವಳ ಹಟ. "ಮೊದಲು ಧೂಳು ತುಂಬಿದ ಮನೆಯೊಂದರಲ್ಲಿ ಅದು ಸರಿಯಾಗಿ ಹೇಳಲಿ. ತಪ್ಪಿದರೆ ಹೊರಗೆ ಒಯ್ಯುವಂತಿಲ್ಲ" ಎಂದಿದ್ದರು ಪ್ರಯೋಗಾಲಯದ ಮೇಲಿನವರು. ಧೂಳಿನ ಮನೆ ಎಂದಾಗ ಅವಳಿಗೆ ನೆನಪಾದದ್ದು ನನ್ನ ಮನೆ! ಇರಲಿ.

ಪರೀಕ್ಷೆಗೆ ನಿಜವಾದ ರೋಗದ ಸ್ಪೋರು ತರುವುದುಂಟೆ? ಅರಿಷಿಣದ ಹೊಲಕ್ಕೆ ಹಾಕುವ ಬಿಳಿ ಜೈವಿಕ ಪುಡಿ ತಂದಿದ್ದಳು. ಅದರಲ್ಲಿರುವುದೂ ಸ್ಪೋರೇ, ಆದರೆ ಯಾರಿಗೂ ಕೇಡು ಮಾಡದ ಸಾಧು ಜಾತಿ. ಮನೆಯಲ್ಲಿ ಯಾರೂ ಕೈಯಾಡಿಸದ ಜಾಗವೆಂದು ಅದರ ಡಬ್ಬಿಯನ್ನು ದೇವರ ಜಗಲಿಯ ಮೇಲಿಟ್ಟಳು.

ಪರೀಕ್ಷೆಯ ದಿನ ಬೆಳಗಾವಿಯ ಪ್ರಯೋಗಾಲಯದಿಂದ ಹಿರಿಯರಿಬ್ಬರು ಬಂದರು. ಮೇಜಿನ ಮೇಲೆ ಡಬ್ಬಿಗಳ ಸಾಲು. ಮೈದಾ ಎಂದರೆ ಮೈದಾ, ಸೋಡಾ ಎಂದರೆ ಸೋಡಾ, ಯಂತ್ರ ಪಟಪಟ ಹೇಳುತ್ತ ಹೋಯಿತು. ಕೊನೆಗೆ ಜಗಲಿಯ ಡಬ್ಬಿ. ಯಂತ್ರ ಹಿಟ್ಟಿನ ಗುಡ್ಡ ಬರೆಯಿತು! ಸ್ಪೋರ್ ಇಲ್ಲ ಎಂದಿತು. ಇನ್ನೊಮ್ಮೆ ಹಿಡಿದಳು. ಇಲ್ಲ! ಹಿರಿಯರು ಮುಖ ಮುಖ ನೋಡಿಕೊಂಡರು.

ಅಷ್ಟರಲ್ಲಿ ಸ್ನಾನ, ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಬಳಿದುಕೊಂಡು ನಮ್ಮ ಯಜಮಾನರು ಬಂದರು. ಕೈಯಲ್ಲಿ ಅವರ ಹಿತ್ತಾಳೆಯ ವಿಭೂತಿ ಭರಣಿ.

"ಎಲ್ಲಾ ನೋಡಾಕತ್ತೀರಿ, ಇದನ್ನೂ ಒಂದೀಟು ನೋಡ್ರಲಾ. ಶುದ್ಧ ವಿಭೂತಿ!"

ಇದೂ ಬಿಳಿಯೇ ಅಲ್ಲವೇ ಎಂದು ಸೊಸೆ ಸಪ್ಪೆ ಮುಖದಲ್ಲೇ ಲೇಸರು ಹಿಡಿದಳು. ಪರದೆಯ ಮೇಲೆ ಸ್ಪೋರಿನ ಗುಡ್ಡ ಎದ್ದು ನಿಂತಿತು! ಹಿರಿಯರಲ್ಲೊಬ್ಬರು ನಕ್ಕೇಬಿಟ್ಟರು. "ಸ್ಪೋರಿನ ಡಬ್ಬಿಯಲ್ಲಿ ಇಲ್ಲ, ವಿಭೂತಿಯಲ್ಲಿದೆ! ಯಂತ್ರ ಕೆಟ್ಟಿದೆಯಮ್ಮಾ."

ಸೊಸೆ ಮಾತ್ರ ಮಾವನ ಹಣೆಯನ್ನೇ ನೋಡುತ್ತಿದ್ದಳು.

"ಮಾಮಾ, ಈ ವಿಭೂತಿ ಎಲ್ಲಿಂದ ತಗೊಂಡ್ರಿ?"

"ನೀನ ಇಟ್ಟಿದ್ದಿಯಲ್ಲವ್ವಾ ಜಗಲಿ ಮ್ಯಾಲ! ನನ್ನ ಭರಣಿ ಮುಗದಿತ್ತು, ಪೂರಾ ಸುರುವಿಕೊಂಡೆ."

"ಮತ್ತ ನನ್ನ ಡಬ್ಬಿ ತುಂಬೇತಲ್ರಿ?"

ಯಜಮಾನರಿಗೆ ಸಿಟ್ಟೇ ಬಂತು. "ಮಂದಿ ಡಬ್ಬಿ ಬರಿದು ಮಾಡಿ ಇಡೂದಾ? ನಮ್ಮ ಮನ್ಯಾಗ ಆ ಪದ್ಧತಿ ಇಲ್ಲ. ಅಕ್ಕಿ ಹಿಟ್ಟು ತುಂಬಿ ಇಟ್ಟೇನಿ!"

ನಮ್ಮ ಕಡೆ ಯಾರ ಪಾತ್ರೆಯನ್ನೂ ಖಾಲಿ ಮರಳಿಸುವುದಿಲ್ಲ. ಸಾರು ಬಂದ ಬಟ್ಟಲು ಸಕ್ಕರೆ ಹೊತ್ತೇ ಹಿಂದಿರುಗುತ್ತದೆ. ಆದರೆ ವಿಜ್ಞಾನದ ಡಬ್ಬಿಗೂ ಮರ್ಯಾದೆ ಮಾಡಿದವರು ನಮ್ಮ ಯಜಮಾನರೊಬ್ಬರೇ!

ನಕ್ಕ ಹಿರಿಯರು ಈಗ ಎದ್ದು ನಿಂತರು. ಕೂತವರೆಲ್ಲ ತಪ್ಪಿದ್ದೆವು, ಯಂತ್ರವೊಂದೇ ಸರಿಯಿತ್ತು. ಇದಕ್ಕಿಂತ ದೊಡ್ಡ ಪರೀಕ್ಷೆ ತಾವೂ ಇಡುತ್ತಿರಲಿಲ್ಲ ಎಂದು ಹೊಲಕ್ಕೆ ಒಯ್ಯಲು ಒಪ್ಪಿದರು. ಯಜಮಾನರು ಹಣೆ ತೊಳೆಯಲು ಬಚ್ಚಲಿಗೆ ಹೋದವರು ಬಹಳ ಹೊತ್ತು ಹೊರಗೇ ಬರಲಿಲ್ಲ.

ಘೋಡಗೇರಿಯ ಹೊಲದಲ್ಲಿ ಅವಳು ಮುಖಕ್ಕೆ ಮಾಸ್ಕು, ಕೈಗೆ ಗವಸು ಹಾಕಿಕೊಂಡು ಮೂಲೆ ಮೂಲೆಯ ಮಣ್ಣು ತೆಗೆದಳು. ಕುರಿ ಹೂತ ಮೂಲೆಯೊಂದರಲ್ಲಿ ಮಾತ್ರ ಯಂತ್ರ ಗುಡ್ಡ ಎಬ್ಬಿಸಿತು. ಪ್ರಯೋಗಾಲಯಕ್ಕೆ ಕಳಿಸಿದ ಮಣ್ಣೂ ಅದನ್ನೇ ಹೇಳಿತು. ಆ ಮೂಲೆಗೆ ಜಾಲಿಮುಳ್ಳಿನ ಬೇಲಿ ಬಿತ್ತು, ಕುರಿಗಳಿಗೆ ಲಸಿಕೆ ಬಿತ್ತು. ಮೊದಲ ಮಳೆ ಬಿದ್ದು ಹುಲ್ಲು ಚಿಗುರಿದ ಮೇಲೆ ಅವಳಪ್ಪ ಹಿಂಡು ತಂದು ಹೊಲದ ಬಾಯಿಗೆ ನಿಲ್ಲಿಸಿದರು. ಕಾಲು ಮುಂದಿಡಲು ಅವರಿಗೇ ಧೈರ್ಯ ಸಾಲದು. ಮಗಳ ಮುಖ ನೋಡಿದರು. ಅವಳು ಹೂಂ ಎಂದು ತಲೆಯಾಡಿಸಿದಳು.

ಕುರಿಗಳು ಒಂದರ ಹಿಂದೊಂದು ಒಳಗೆ ನುಗ್ಗಿದವು. ಮಾರನೆಯ ದಿನವೂ ಹೋಗಿ ನೋಡಿದೆವು, ವಾರ ಬಿಟ್ಟೂ ಹೋದೆವು. ಸಂಜೆ ಅವು ಹೊಟ್ಟೆ ತುಂಬಿಸಿಕೊಂಡು ದೊಡ್ಡಿಗೆ ಮರಳುವಾಗ ಸೊಸೆ ದಾರಿಯ ಪಕ್ಕದಲ್ಲಿ ನನಗೆ ಬೆನ್ನು ಮಾಡಿ ನಿಂತಿದ್ದಳು. ಹೆಗಲು ಸಣ್ಣಗೆ ಅಲುಗುತ್ತಿತ್ತು. ನನ್ನ ಬಾಯಿ ಸುಮ್ಮನಿರುತ್ತದೆಯೇ?

"ಏನವ್ವಾ, ತವರು ಬಿಟ್ಟು ನಮ್ಮ ಮನಿಗಿ ಬರೂವಾಗೂ ಅಳಲಿಲ್ಲ ನೀ. ಈಗ ಕುರಿ ನೋಡಿ ಅಳಾಕತ್ತೀಯಲ್ಲ!"

ಅವಳು ತಿರುಗದೇ ಅಂದಳು: "ಸುಮ್ಮನಿರ್ರಿ ಅತ್ತಿ, ಕುರಿ ಎಣಸಾಕತ್ತೇನಿ. ತಪ್ಪಿಸಿದ್ರ ಮತ್ತ ಮೊದಲಿಂದ ಎಣಸಬೇಕಾಗ್ತೈತಿ!"