ಕಣ್ಣಿಗೆ ಹಿಡಿದ ತುಕ್ಕು

ಎಲ್ಲಕ್ಕೂ ಮೂಲ ಒಂದು ಕಬ್ಬಿಣದ ಕುರ್ಚಿ.

ಗೇಟು, ಕಿಟಕಿ ಮಾಡುವ ಆ ವರ್ಕ್‌ಶಾಪಿನಲ್ಲಿ ಮೇಸ್ತ್ರಿಗೆ ನಾಳೆ ಕೊನೆಯ ದಿನ. ಅವನು ಹೋದರೆ ಮೇಸ್ತ್ರಿಗಿರಿ ನಿನಗೇ ಎಂದು ಯಜಮಾನರು ವೆಲ್ಡರಿಗೆ ಮಾತು ಕೊಟ್ಟಿದ್ದರು. ವೆಲ್ಡರನನ್ನು ಎಲ್ಲರೂ ಕಿಡಿ ಅನ್ನುತ್ತಿದ್ದರು. ವರ್ಷಗಟ್ಟಲೆ ಮೇಸ್ತ್ರಿಯ ಬೈಗುಳ ನುಂಗಿ ಅರಗಿಸಿಕೊಂಡವನು. ಬೀಳ್ಕೊಡುಗೆಯ ಕುರ್ಚಿ ಮಾಡಲು ಅವನೇ ಮುಂದೆ ಬಿದ್ದ. ಮನುಷ್ಯ ಮನೆಯಲ್ಲಿ ಗಟ್ಟಿಯಾಗಿ ಕೂತರೆ ಸಾಕು, ಎದ್ದು ಬರದಿದ್ದರೆ ಸಾಕು!

ಕುರ್ಚಿಯ ವಿಷಯ ಗುಟ್ಟು. ಸಂಜೆ ಮೇಸ್ತ್ರಿ ಮನೆಗೆ ಹೊರಟ ಮೇಲೆ ಕಿಡಿ ಕೆಲಸಕ್ಕೆ ಕೂತ. ನೋಡಿದರೆ ವೆಲ್ಡಿಂಗ್ ಮಾಸ್ಕು ಬೀರುವಿನಲ್ಲಿ, ಬೀರುವಿನ ಕೀಲಿ ಮೇಸ್ತ್ರಿಯ ಸೊಂಟದಲ್ಲಿ. ಮಾಸ್ಕಿಲ್ಲದೆ ವೆಲ್ಡಿಂಗ್ ಮಾಡಿದವನಿಗೆ ಕೆಲಸವಿಲ್ಲ ಎಂದು ಯಜಮಾನರು ಗೋಡೆಗೆ ದಪ್ಪಕ್ಷರದಲ್ಲಿ ಬರೆಸಿದ್ದರು. ಮಾಸ್ಕಿಗೆ ಬೀಗ, ನಿಯಮಕ್ಕೆ ಗೋಡೆ. ಕಣ್ಣು ಮಾತ್ರ ಕೆಲಸದವನದು. ಕಿಡಿ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕಿರಿದಾಗಿಸಿ, ಬೆಳಕಿನ ಜೊತೆ ಚೌಕಾಸಿ ಮಾಡುವವನ ಹಾಗೆ ಕುರ್ಚಿ ಮುಗಿಸಿದ.

ಬೆಳಗ್ಗೆ ಏಳುವಾಗ ರೆಪ್ಪೆಯೊಳಗೆ ಯಾರೋ ಮರಳು ಜರಡಿ ಹಿಡಿಯುತ್ತಿದ್ದರು. ಕಣ್ಣು ಕೆಂಡ, ನೀರು ತೂತುಬಿದ್ದ ಪೈಪು.

"ಕುಡಿದ್ರಾ?" ಎಂದಳು ಹೆಂಡತಿ.

"ಇಲ್ಲ ಕಣೇ!"

ಬಾಗಿಲಿಗೆ ಬಂದರೆ ಎದುರುಮನೆ ಅಜ್ಜಿ ಬೀದಿಗೆಲ್ಲ ಕೇಳುವ ಹಾಗೆ, "ಅಯ್ಯೋ, ಗಂಡಸನ್ನ ಹೀಗೆ ಅಳಿಸೋದಾ? ಏನಮ್ಮಾ ಅಂದೆ ಅವನಿಗೆ?" ಎಂದಳು. ಹೆಂಡತಿ ಪಾತ್ರೆ ಕುಕ್ಕಿದ ಸದ್ದು ಮೂಲೆಮನೆಯವರೆಗೂ ಹೋಯಿತು.

ಕಣ್ಣಿನ ಡಾಕ್ಟರಮ್ಮ ಟಾರ್ಚು ಬಿಟ್ಟು ನೋಡಿದರು. "ವೆಲ್ಡಿಂಗ್ ಬೆಳಕಲ್ಲಿ ಕಣ್ಣಿಗೆ ಕಾಣದ ಕಿರಣ ಇರತ್ತೆ, ನೇರಳಾತೀತ ಅಂತಾರೆ. ಕಣ್ಣಿನ ಮುಂದೆ ಗಾಜಿನ ಥರ ಒಂದು ಪದರ ಇದೆಯಲ್ಲ, ಕಾರ್ನಿಯಾ? ಅದರ ಮೇಲ್ಪದರ ಆಕ್ಸಿಡೈಸ್ ಆಗಿ ಹಾಳಾಗಿದೆ."

"ಆಕ್ಸೈಡಾ? ಅಂದ್ರೆ ತುಕ್ಕಾ, ಡಾಕ್ಟ್ರೇ?"

"ಹೆಚ್ಚುಕಮ್ಮಿ ಅದೇ ಜಾತಿ ಅನ್ಕೊಳ್ಳಿ. ಔಷಧಿ ಬಿಟ್ಕೊಂಡು ಕಣ್ಣು ಮುಚ್ಕೊಂಡಿರಿ, ಒಂದೆರಡು ದಿನದಲ್ಲಿ ಹೊಸ ಪದರ ಬರತ್ತೆ. ಇವತ್ತು ಕೆಲಸಕ್ಕೆ ಹೋಗ್ಬೇಡಿ."

ಇವತ್ತು ಹೋಗದಿದ್ದರೆ ಇನ್ಯಾವತ್ತು ಹೋಗುವುದು? ಕಿಡಿ ನೆಟ್ಟಗೆ ವರ್ಕ್‌ಶಾಪಿಗೆ ನಡೆದ.

"ಏನೋ ಕಣ್ಣು?" ಎಂದ ಪೇಂಟರು.

"ಮೆಲ್ಲಗೆ ಮಾತಾಡೋ. ಮಾಸ್ಕಿಲ್ದೆ ಕುರ್ಚಿ ಮಾಡಿದ್ನಲ್ಲ, ತುಕ್ಕು ಹಿಡಿದಿದೆಯಂತೆ."

"ಅದಕ್ಕೇ ಗೇಟಿಗೆ ಬಳಿಯೋ ರೆಡ್ ಆಕ್ಸೈಡ್ ಕಣ್ಣಿಗೆ ಬಳ್ಕೊಂಡ್ ಬಂದ್ಯಾ? ಮೊದ್ಲು ಉಪ್ಪುಕಾಗದ ಹಾಕಿ ಉಜ್ಜಬೇಕಿತ್ತು ಕಣೋ!"

ಅಷ್ಟರಲ್ಲಿ ಯಜಮಾನರು, ಹಿಂದೆಯೇ ಮೇಸ್ತ್ರಿ. ಯಜಮಾನರು ನಿಂತದ್ದು ಸರಿಯಾಗಿ ಆ ಗೋಡೆಬರಹದ ಕೆಳಗೆ.

"ಏನಯ್ಯಾ ಇದು, ಕಣ್ಣಲ್ಲಿ ನೀರು?"

ಕಿಡಿ ತೋಳಿನಿಂದ ಕಣ್ಣೊರೆಸಿಕೊಂಡ. ಪೇಂಟರು ಉಪಕಾರ ಮಾಡಲು ಹೊರಟ. "ಮೇಸ್ತ್ರಿ ಹೋಗ್ತಾರಲ್ಲ ಸಾರ್, ಬೆಳಗ್ಗಿಂದ ಒಂದೇ ಸಮ ಅಳ್ತಾ ಇದ್ದಾನೆ. ಆ ಕುರ್ಚಿ ನೋಡಿ, ಅವರಿಗೋಸ್ಕರ ಇವನೇ ಮಾಡಿದ್ದು."

ಮೇಸ್ತ್ರಿ ಕುರ್ಚಿ ನೋಡಿದ, ಕಿಡಿಯ ಕಣ್ಣು ನೋಡಿದ. ಅವನ ಗಲ್ಲ ಅದುರಿತು.

"ನನಗೋಸ್ಕರ ಅಳ್ತಿದ್ದೀಯೇನೋ?"

"ಛೆ, ಇಲ್ಲ ಮೇಸ್ತ್ರೀ! ನೀವು ಆರಾಮಾಗಿ ಹೋಗಿ. ಈಗ್ಲೇ ಹೋಗಿ!"

"ನೋಡಿದ್ರಾ ಯಜಮಾನ್ರೇ, ದುಃಖ ನುಂಗ್ಕೊಂಡು ಕಳಿಸ್ತಿದ್ದಾನೆ! ಹೆತ್ತ ಮಕ್ಕಳೂ ನನಗೋಸ್ಕರ ಒಂದು ಹನಿ ಸುರಿಸಿಲ್ಲ. ಇಂಥವನನ್ನ ಬಿಟ್ಟು ಎಲ್ಲಿಗೆ ಹೋಗ್ಲಿ? ಕೈಕಾಲು ಗಟ್ಟಿ ಇರೋವರೆಗೂ ಇಲ್ಲೇ ಇರ್ತೀನಿ."

"ಇರಪ್ಪಾ, ನಿನ್ನ ಜಾಗ ಎಲ್ಲಿ ಹೋಗತ್ತೆ!" ಯಜಮಾನರೂ ಕಣ್ಣೊರೆಸಿಕೊಂಡರು.

ನಿಜ ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಮೇಸ್ತ್ರಿ ಹೋಗುವುದಿಲ್ಲ. ಕಿಡಿಯ ಕಣ್ಣಿಂದ ನೀರು ಇನ್ನಷ್ಟು ಸುರಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮೇಸ್ತ್ರಿ ಕುರ್ಚಿಯನ್ನು ಎಳೆದು ತಂದು ವೆಲ್ಡಿಂಗ್ ಮೆಷೀನಿನ ಪಕ್ಕದಲ್ಲೇ ಹಾಕಿಸಿ, ಮೈಭಾರವನ್ನೆಲ್ಲ ಬಿಟ್ಟು ಕೂತ.

"ಅತ್ತಿದ್ದು ಸಾಕು, ಬಾರೋ ದಂಡಪಿಂಡ. ಆ ಗೇಟು ಸೊಟ್ಟ ಆಗಿದೆ."

ಮುರಿದೀತೇನೋ ಎಂಬ ಆಸೆಯಲ್ಲಿ ಕಿಡಿ ಕುರ್ಚಿಯ ಕಾಲನ್ನೇ ನೋಡುತ್ತ ನಿಂತ. ಅದು ಕಿರ್ ಅಂತಲೂ ಅನ್ನಲಿಲ್ಲ. ಮೇಸ್ತ್ರಿ ಮತ್ತೆ ಏಳಬಾರದೆಂದು ಅವನು ಒಂದೊಂದು ಕಾಲಿಗೂ ಎರಡೆರಡು ಸಲ ಬೆಸುಗೆ ಹಾಕಿದ್ದ.